ಮಳೆಗಾಲಕ್ಕೆ ಮಲಗುವ ಎಂಜಿನ್

ಡೊಂಬಿವ್ಲಿಯಲ್ಲಿ ಇಷ್ಟು ವರ್ಷ ಕಳೆದರೂ ಮೇ ಕೊನೆಯ ವಾರ ಬಂತೆಂದರೆ ಮನಸ್ಸು ಗಂಗೊಳ್ಳಿಗೆ ಓಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳನ್ನು ಕಾನೂನು ತಡೆಯುವುದಿಲ್ಲ. ಆದರೆ ಒಬ್ಬನೇ ಬಲೆ ಬಿಡುವ ನನ್ನ ತಮ್ಮನಂಥವರನ್ನು ಕಡಲೇ ತಡೆಯುತ್ತದೆ. ಹಾಗಾಗಿ ಅವನು ದೋಣಿ ಮೇಲೆಳೆದು ಎಂಜಿನ್ ಬಿಚ್ಚಿ ಮನೆಗೆ ತರುತ್ತಾನೆ.

ಈ ಸಲ ರಜೆ ಹಾಕಿ ಹೋಗಿದ್ದೆ. ಅಂಗಳದಲ್ಲಿ ಡ್ರಮ್ಮಿಗೆ ಬಾವಿ ನೀರು ತುಂಬಿಸಿ, ಎಂಜಿನ್ನಿನ ಕಾಲನ್ನು ಅದರಲ್ಲಿ ಮುಳುಗಿಸಿ ಸ್ಟಾರ್ಟ್ ಮಾಡಿದ. ಪಕ್ಕದ ತೂತಿನಿಂದ ನೀರು ಚಿಮ್ಮಬೇಕು. ಸಣ್ಣಗೆ ಬಂತು, ತಂತಿ ಹಾಕಿ ಕೆದಕಿದ, ಸರಿಯಾಯಿತು. ಒಳಗಿನ ಉಪ್ಪು ಹೋಗಲೆಂದು ಈ ಸ್ನಾನ. ನಮ್ಮ ಎಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಕೊನೆಗೆ ಪೆಟ್ರೋಲಿಗೇ ತಿರುಗಿಸಿ, ಪೈಪ್ ಕಿತ್ತು, ತಾನಾಗಿಯೇ ನಿಲ್ಲುವ ತನಕ ಓಡಿಸಿದ. ಕಾರ್ಬುರೇಟರಿನಲ್ಲಿ ಎಣ್ಣೆ ಉಳಿದರೆ ಎರಡು ತಿಂಗಳಲ್ಲಿ ಅಂಟುಗಟ್ಟಿ ಜೆಟ್ ಕಟ್ಟಿಹೋಗುತ್ತದೆ. ಗೇರ್ ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿದ. ಹಾಲಿನ ಹಾಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ ಎಂದರ್ಥ. ದೇವರ ದಯೆ, ಹಾಗಿರಲಿಲ್ಲ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ತುಂಬಿಸಿದ, ಮೇಲಿನಿಂದ ಹೊರಬರುವ ತನಕ. ಫ್ಯಾನ್ ಬಿಚ್ಚಿದರೆ ಶಾಫ್ಟಿಗೆ ಬಲೆಯ ನೂಲು ಸುತ್ತಿಕೊಂಡಿತ್ತು. ಬಿಡಿಸಲು ಅರ್ಧ ಗಂಟೆ!

ಆಮೇಲೆ ಪ್ಲಗ್ ಬಿಚ್ಚಿ ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, "ಅಣ್ಣಯ್ಯ, ಹಗ್ಗ ಎಳಿ, ಮೆಲ್ಲಗೆ" ಅಂದ.

ಎಳೆಯುತ್ತಾ ಹೇಳಿಯೇಬಿಟ್ಟೆ.

1994ರ ಮೇ. ಬ್ಯಾಂಕಿನ ನೇಮಕಾತಿ ಪತ್ರ ಬಂದಿತ್ತು. ಕೊಂಕಣ ರೈಲು ಇನ್ನೂ ಇರಲಿಲ್ಲ, ಸಂಜೆ ಬಸ್ಸು. ಬೆಳಿಗ್ಗೆ ಅಪ್ಪಯ್ಯ, "ಎಂಜಿನ್ನಿಗೆ ನೀರು ಕೊಟ್ಟು, ಎಣ್ಣೆ ಬಿಟ್ಟು ಇಡು" ಅಂದಿದ್ದರು. ಬಿಕಾಂ ಪಾಸಾದ ಸಾಹೇಬ ನಾನು, ಕೈಗೆ ಮಸಿ ಹತ್ತೀತೆಂದು ಏನೂ ಮಾಡದೆ ಪ್ಲಾಸ್ಟಿಕ್ ಸುತ್ತಿ ಕಟ್ಟಿಟ್ಟೆ. ಆಗಸ್ಟಿನಲ್ಲಿ ಹಗ್ಗ ಎಳೆದರೆ ಅಲುಗಲೇ ಇಲ್ಲವಂತೆ. ಸಾಲ ತೀರದ ಎಂಜಿನ್. ಆ ಇಡೀ ವರ್ಷ ಅಪ್ಪಯ್ಯ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋದರು. "ಹಳೆಯದಾಗಿತ್ತು, ಹೋಯಿತು" ಎಂದಷ್ಟೇ ಕಾಗದ ಬರೆಸಿದ್ದರು. ನಾನು ಅದನ್ನೇ ನಂಬಿದವನಂತೆ ಮನಿಯಾರ್ಡರ್ ಕಳಿಸುತ್ತಿದ್ದೆ. ಮುಂದೆ ಬ್ಯಾಂಕಿನಲ್ಲಿ ಎಷ್ಟೋ ಜನರ ಸಾಲದ ಅರ್ಜಿಯಲ್ಲಿ 'ಸಲಕರಣೆಯ ಸ್ಥಿತಿ' ಎಂಬ ಕಾಲಂ ತುಂಬಿಸುವಾಗೆಲ್ಲ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು. ಅಪ್ಪಯ್ಯ ಹೋಗುವ ತನಕವೂ ಬಾಯಿ ಬಿಡಲಿಲ್ಲ.

ತಮ್ಮ ಪ್ಲಗ್ ತಿರುಗಿಸುತ್ತಲೇ ಇದ್ದ. "ನಂಗೊತ್ತಿತ್ತ್. ಮೆಕ್ಯಾನಿಕ್ ಬಿಚ್ಚಿ ಉಪ್ಪ್ ತೋರ್ಸಿದ. ಅಣ್ಣಯ್ಯಂಗೆ ಹೇಳುಕಾಗ ಅಂದಿರ್ ಅಪ್ಪಯ್ಯ."

ನಾನು ಹಗ್ಗ ಹಿಡಿದುಕೊಂಡೇ ನಿಂತಿದ್ದೆ. ಅವನು ಎಂಜಿನ್ನನ್ನು ನೆಟ್ಟಗೆ ಮರದ ಸ್ಟ್ಯಾಂಡಿಗೆ ಕೂರಿಸಿ, ಒಳಗೆ ಹೋಗಿ ಅಮ್ಮನ ಹಳೆ ಹತ್ತಿ ಸೀರೆ ತಂದು ಒಂದು ತುದಿ ನನ್ನ ಕೈಗೆ ಕೊಟ್ಟ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ.