ಗಂಟುಮೂಟೆ ಕಟ್ಟುವ ಹಕ್ಕು

ಮನೆಯಲ್ಲೊಂದು ಸರ್ವರ್ ಇಟ್ಟುಕೊಂಡವರು ಅದಕ್ಕೆ ಕೊಡುವ ಕಾರಣಗಳಲ್ಲಿ ಹೆಚ್ಚಿನವು ನೆಪಗಳು. ದುಡ್ಡು ಉಳಿಯುತ್ತದೆ ಎನ್ನುತ್ತಾರೆ. ಹೊಸ ಹಾರ್ಡ್‌ಡಿಸ್ಕಿನ ಬಿಲ್ಲು ಬಂದ ದಿನ ಆ ಮಾತು ಬಿದ್ದುಹೋಗುತ್ತದೆ. ಮನೆಯ ಗುಟ್ಟು ಮನೆಯಲ್ಲೇ ಇರುತ್ತದೆ ಎನ್ನುತ್ತಾರೆ. ಜೇಬಿನಲ್ಲಿರುವ ಫೋನೇ ಊರಿಗೆಲ್ಲ ಡಂಗುರ ಸಾರುತ್ತಿರುವಾಗ ಟಿವಿ ಸ್ಟ್ಯಾಂಡಿನ ಕೆಳಗಿನ ಡಬ್ಬವೊಂದು ಮೌನವ್ರತ ಹಿಡಿದು ಏನು ಪ್ರಯೋಜನ? ಕೆಲಸ ಹಗುರಾಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ, ಅಷ್ಟರ ಮಟ್ಟಿಗೆ ಅವರು ಸತ್ಯವಂತರು. ಆದರೂ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಮೇಲೋ, ಯಾವುದೋ ಕಚೇರಿ ಕೈಬಿಟ್ಟ ಹಳೆಯ ಮಿನಿ ಪಿಸಿಯ ಮೇಲೋ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಫೋಟೊಗಳಿಗೆ ಇಮ್ಮಿಚ್, ಸಿನಿಮಾ–ಹಾಡುಗಳಿಗೆ ಜೆಲ್ಲಿಫಿನ್, ಫೈಲುಗಳಿಗೆ ನೆಕ್ಸ್ಟ್‌ಕ್ಲೌಡ್, ಪಾಡ್‌ಕಾಸ್ಟುಗಳಿಗೆ ಆಡಿಯೋಬುಕ್‌ಶೆಲ್ಫ್ ಎಂದು ಒಂದೊಂದನ್ನೇ ಕೂರಿಸುವವರ ಕಣ್ಣಲ್ಲಿ ಹೊಳೆಯುವ ಸುಖ ಸುಳ್ಳಲ್ಲ. ಆ ಸುಖಕ್ಕೆ ತಕ್ಕ ಸಮರ್ಥನೆಯೂ ಉಂಟು. ನಮ್ಮದು ಎಂದುಕೊಂಡ ವಸ್ತುವನ್ನು ಎತ್ತಿಕೊಂಡು ಬೇರೆ ಕಡೆಗೆ ಹೋಗಲು ಆಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಈ ಹವ್ಯಾಸದಷ್ಟು ಪಟ್ಟುಹಿಡಿದು ಕೇಳುವುದು ಬೇರೊಂದಿಲ್ಲ ಎಂಬುದೇ ನನ್ನ ವಾದ.

ಪ್ರಶ್ನೆ ಯಾಕೆ ಏಳುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 2009ರ ಜುಲೈನಲ್ಲಿ ಅಮೆಜಾನ್ ತನ್ನ ಗ್ರಾಹಕರ ಕಿಂಡಲ್‌ಗಳಿಂದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿತು. ಮಾರಿದವರಿಗೆ ಹಕ್ಕು ಇರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ಸಾಯಿತು, ಕ್ಷಮೆಯೂ ಬಂತು. ಆ ಎರಡರಲ್ಲೊಂದು, ಹಳೆಯ ದಾಖಲೆಗಳನ್ನು ಅಳಿಸುವ ಸರ್ಕಾರದ ಕತೆಯಾದ ‘1984’ ಆಗಿದ್ದುದು ವಿಧಿಯ ಕುಚೋದ್ಯ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ–ಪುಸ್ತಕದ ಅಂಗಡಿ ಮುಚ್ಚಿದಾಗ ಮಾರಿದ ಪುಸ್ತಕಗಳೂ ತೆರೆಯದಾದವು. ಬೆಲೆ ಹಿಂದಿರುಗಿತು, ಪುಟಗಳಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್ ಸಿಕ್ಕಿತು. ಓದುಗನ ಟಿಪ್ಪಣಿಗೂ ಒಂದು ದರ ನಿಗದಿಯಾದದ್ದು ಬಹುಶಃ ಆಗಲೇ. ಇದರ ಪಕ್ಕದಲ್ಲಿ 2013ರ ಜುಲೈ 1ರಂದು ಮುಚ್ಚಿದ ಗೂಗಲ್ ರೀಡರನ್ನು ಇಟ್ಟು ನೋಡಬೇಕು. ಅದನ್ನು ನೆಚ್ಚಿಕೊಂಡಿದ್ದವರು ಗೋಳಾಡಿದರು ನಿಜ, ಆದರೆ ಕಳೆದುಕೊಂಡದ್ದು ಕಡಿಮೆ. ತಾವು ಓದುವ ತಾಣಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಸಾದಾ ಫೈಲಿನಲ್ಲಿ ಇಳಿಸಿಕೊಂಡು ಇನ್ನೊಂದು ರೀಡರಿಗೆ ಏರಿಸಿದರು, ಓದು ಮುಂದುವರಿಯಿತು. ಅಳಿಸಿದ್ದೂ ಮುಚ್ಚಿದ್ದೂ ಎಲ್ಲ ಕಡೆ ಕಂಪನಿಯೇ. ಒಂದು ಕಡೆ ವಸ್ತು ಹೋಯಿತು, ಇನ್ನೊಂದು ಕಡೆ ಉಳಿಯಿತು. ಬಾಡಿಗೆ ಮನೆಯಲ್ಲಿರುವುದು ತಪ್ಪಲ್ಲ, ಲೋಕದಲ್ಲಿ ಎಷ್ಟೋ ಜನ ಹಾಗೆಯೇ ಬದುಕುವುದು. ಖಾಲಿ ಮಾಡುವ ದಿನ ಗಂಟುಮೂಟೆ ಕಟ್ಟಿಕೊಂಡು ಹೋಗಲು ಬಿಡುತ್ತಾರೋ, ಪಾತ್ರೆ–ಪಗಡೆಯೂ ಮನೆಯವರದೇ ಎನ್ನುತ್ತಾರೋ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಂಡಿರಬೇಕು.

ಈ ವಾದಕ್ಕೆ ಪಾಡ್‌ಕಾಸ್ಟಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಅದರ ಬುಡದಲ್ಲಿರುವುದು ಆರ್‌ಎಸ್‌ಎಸ್ ಫೀಡ್ ಎಂಬ ಬರಿಯ ಪಠ್ಯದ ಫೈಲು: ಕಂತಿನ ಹೆಸರು, ದಿನಾಂಕ, ನಾಲ್ಕು ಸಾಲಿನ ವಿವರ, ಧ್ವನಿ ಎಲ್ಲಿದೆ ಎಂಬ ವಿಳಾಸ. ಬರಹಕ್ಕೆಂದು ಹುಟ್ಟಿದ ಈ ಫೀಡಿಗೆ ಧ್ವನಿಯ ಫೈಲನ್ನು ತಗುಲಿಸುವ ವ್ಯವಸ್ಥೆಯನ್ನು ತಂತ್ರಾಂಶ ನಿರ್ಮಾತೃ ಡೇವ್ ವೈನರ್ ಸೇರಿಸಿದ್ದು 2000ದ ಕೊನೆಯಲ್ಲಿ. ಆಪಲ್ 2005ರಲ್ಲಿ ಐಟ್ಯೂನ್ಸಿನೊಳಗೆ ಪಾಡ್‌ಕಾಸ್ಟಿಗೆ ಜಾಗ ಕೊಟ್ಟಾಗಲೂ ಕಟ್ಟಿದ್ದು ಒಂದು ಸೂಚಿಯನ್ನಷ್ಟೇ; ಕಾರ್ಯಕ್ರಮಗಳು ಅವರವರ ಸರ್ವರುಗಳಲ್ಲೇ ಉಳಿದವು. ಹಾಗಾಗಿ ಇಲ್ಲಿ ನಡುಮನೆಯೂ ಇಲ್ಲ, ಅದರ ಬೀಗದ ಕೈ ಹಿಡಿದ ಯಜಮಾನನೂ ಇಲ್ಲ. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು ನಿಲ್ಲಿಸಿತು. ಅದರಿಂದಾಗಿ ಒಂದು ಪಾಡ್‌ಕಾಸ್ಟೂ ನಿಲ್ಲಲಿಲ್ಲ. ಕೇಳುಗರು ಪಟ್ಟಿ ಇಳಿಸಿಕೊಂಡರು, ಬೇರೆ ಆ್ಯಪಿಗೆ ಹಾಕಿಕೊಂಡರು. ಅಷ್ಟು ದೊಡ್ಡ ಕಂಪನಿ ಎದ್ದು ಹೋದರೂ ಒಂದು ಮಾಧ್ಯಮಕ್ಕೆ ನೆಗಡಿಯೂ ಆಗದಿದ್ದದ್ದು ಈ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಫೀಡಿನ ಸರಳತೆಯನ್ನು ಹಳೆಯ ಕಾಲದ ಬಡತನ ಎಂದುಕೊಳ್ಳುವವರಿದ್ದಾರೆ. ಅದು ಬಾಳಿದ್ದೇ ಆ ಸರಳತೆಯಿಂದ.

ಹೀಗಿರುವ ಮಾಧ್ಯಮಕ್ಕೆ ತಕ್ಕ ಆ್ಯಪ್ ಎಂದರೆ ಆಂಟೆನಾಪಾಡ್. 2012ರಿಂದ ಇರುವ ಈ ತೆರೆದ ತಂತ್ರಾಂಶ ಖಾತೆ ತೆರೆ ಎನ್ನುವುದಿಲ್ಲ, ಇಮೇಲ್ ಕೇಳುವುದಿಲ್ಲ, ನಿಮಗೆ ಇದೂ ಇಷ್ಟವಾಗಬಹುದು ಎಂದು ಬೆನ್ನು ಬೀಳುವುದಿಲ್ಲ. ಚಂದಾ ಹಾಕಿದ್ದನ್ನು ತಂದಿಡುತ್ತದೆ, ಮಾತಿನ ನಡುವಿನ ಮೌನವನ್ನು ಹಾರಿಸು ಎಂದರೆ ಹಾರಿಸುತ್ತದೆ, ನಿದ್ದೆ ಹೋಗುವವರಿಗಾಗಿ ಇಷ್ಟು ನಿಮಿಷಕ್ಕೆ ನಿಲ್ಲು ಎಂದರೆ ನಿಲ್ಲುತ್ತದೆ. ಇಂಥ ವಿನಯವಂತ ಆ್ಯಪಿನಲ್ಲಿ ಕೇಳುವಾಗ ಕಾರ್ಯಕ್ರಮದ ರುಚಿಯೇ ಬೇರೆ. ಬಿಬಿಸಿಯ ‘ಇನ್ ಅವರ್ ಟೈಮ್’ ನನ್ನ ಮಟ್ಟಿಗೆ ಮೊದಲ ಪಂಕ್ತಿಯದು. 1998ರಿಂದ ಅದು ಮಾಡುತ್ತಿರುವುದು ಒಂದೇ ಕೆಲಸ, ವಿದ್ವಾಂಸರನ್ನು ಕೂರಿಸಿಕೊಂಡು ಒಂದು ವಿಷಯವನ್ನು ಗಂಟೆಯೊಳಗೆ ಅಗೆಯುವುದು. ಮೆಲ್ವಿನ್ ಬ್ರ್ಯಾಗ್ ಬಹುಕಾಲ ಅದನ್ನು ನಡೆಸಿದ ರೀತಿಯಲ್ಲಿ ಹರಟೆಗೆ ಹಾರೈಕೆಗೆ ಪುರುಸೊತ್ತೇ ಇರುತ್ತಿರಲಿಲ್ಲ. ಅದಕ್ಕೆ ತದ್ವಿರುದ್ಧ ಅಮಿತ್ ವರ್ಮಾ ಅವರ ‘ದ ಸೀನ್ ಅಂಡ್ ದ ಅನ್‌ಸೀನ್’. ಅಲ್ಲಿ ಒಂದು ಸಂಭಾಷಣೆ ನಾಲ್ಕೈದು ಗಂಟೆ ಹರಿದರೂ ಅವಸರವಿಲ್ಲ. ಯಾವ ಟಿವಿ ಸಂಪಾದಕನೂ ಕೊಡದ ಆ ಸಮಯವೇ ಅದರ ಗುಣ. ಕನ್ನಡದಲ್ಲಿ ‘ತಲೆ–ಹರಟೆ’ ನೀತಿ, ವಿಜ್ಞಾನ, ಇತಿಹಾಸಗಳನ್ನು ಬೆಂಗಳೂರಿನ ಆಡುಮಾತಿನಲ್ಲಿ ಹರಟಬಹುದು ಎಂದು ತೋರಿಸಿತು. ಮನೆ ಸರ್ವರಿನ ಹವ್ಯಾಸಿಗಳಿಗೆಂದೇ ಇದ್ದ ‘ಸೆಲ್ಫ್–ಹೋಸ್ಟೆಡ್’ 2019ರಲ್ಲಿ ಶುರುವಾಗಿ 2025ರಲ್ಲಿ ಮುಗಿಯಿತು. ಮುಗಿದದ್ದನ್ನು ಇಳಿಸಿಟ್ಟುಕೊಳ್ಳುವುದೂ ಸರ್ವರಿನ ಕೆಲಸವೇ. ಆಡಿಯೋಬುಕ್‌ಶೆಲ್ಫಿಗೆ ಫೀಡಿನ ವಿಳಾಸ ಕೊಟ್ಟರೆ ಕಂತುಗಳೆಲ್ಲ ಸಾದಾ ಧ್ವನಿ ಫೈಲುಗಳಾಗಿ ಡಿಸ್ಕಿನಲ್ಲಿ ಬಂದು ಕೂರುತ್ತವೆ.

ಪಾಡ್‌ಕಾಸ್ಟಿಗೆ ಬೇಲಿ ಹಾಕುವ ಪ್ರಯತ್ನ ನಡೆದಿಲ್ಲವೇ ಎಂದು ಕೇಳಬಹುದು. ನಡೆದಿದೆ. ಸ್ಪಾಟಿಫೈ 2020ರಲ್ಲಿ ಅಮೆರಿಕದ ಜೋ ರೋಗನ್ ಕಾರ್ಯಕ್ರಮವನ್ನು ದೊಡ್ಡ ಮೊತ್ತ ಕೊಟ್ಟು ತನ್ನೊಬ್ಬನ ಹಿತ್ತಲಿಗೆ ಎಳೆದುಕೊಂಡಿತು. 2024ರ ಹೊಸ ಒಪ್ಪಂದದಲ್ಲಿ ತಾನೇ ಗೇಟು ತೆರೆದು ಬೇರೆ ಆ್ಯಪ್‌ಗಳಿಗೂ ಬಿಟ್ಟಿತು. ಆದರೆ ಯೂಟ್ಯೂಬಿನ ಮುಂದೆ ಈ ವಾದ ಅಷ್ಟು ಸಲೀಸಾಗಿ ಗೆಲ್ಲುವುದಿಲ್ಲ. ಕನ್ನಡದಲ್ಲಿ ಇಂದು ಪಾಡ್‌ಕಾಸ್ಟ್ ಎಂದು ಕರೆಸಿಕೊಳ್ಳುವ ಬಹಳಷ್ಟು ಸಂದರ್ಶನಗಳು ಎರಡು ಮೈಕು, ಒಂದು ಸೋಫಾ ಇಟ್ಟುಕೊಂಡು ಯೂಟ್ಯೂಬಿನಲ್ಲೇ ಹುಟ್ಟಿ ಅಲ್ಲೇ ಬೆಳೆಯುತ್ತಿವೆ. ಕೇಳುಗರು ಅಲ್ಲಿದ್ದಾರೆ, ಜಾಹೀರಾತಿನ ಆದಾಯ ಅಲ್ಲಿದೆ, ಮಾಡುವವರನ್ನು ದೂರುವುದು ಅನ್ಯಾಯ. ಹಾಗಿದ್ದೂ ಹಿರಿಯ ಕಲಾವಿದರೊಬ್ಬರು ಮೂರು ಗಂಟೆ ಮಾತಾಡಿದ ಏಕೈಕ ದಾಖಲೆ ಒಂದು ಕಂಪನಿಯ ಒಂದು ಖಾತೆಯಲ್ಲಿ ಮಾತ್ರ ಇದೆ ಎಂದರೆ ಹೆದರಿಕೆಗೆ ಕಾರಣವಿದೆ. ಅದರ ಧ್ವನಿಯನ್ನಷ್ಟೇ ಒಂದು ಫೀಡಿಗೂ ಹಾಕಲು ಹೆಚ್ಚಿನ ಖರ್ಚಿಲ್ಲ. ವಿಡಿಯೊ ಬೇಡ ಎಂಬುದಲ್ಲ ವಾದ, ಇನ್ನೊಂದು ಬಾಗಿಲು ಇರಲಿ ಎಂಬುದು.

ಇನ್ನು ಸರ್ವರಿನ ಕಡೆ ಬಂದರೆ, ಅದರ ಸೊಗಸು ಇರುವುದೇ ಇಂಥ ಬಾಗಿಲುಗಳನ್ನು ಹುಡುಕಿ ತೆರೆದಿಡುವ ಕುಸುರಿಯಲ್ಲಿ. ಇಮ್ಮಿಚ್ ಫೋನಿನಿಂದ ಬಂದ ಚಿತ್ರಗಳಿಗೆ ತಾನಾಗಿಯೇ ಅರ್ಥವಿಲ್ಲದ ಅಕ್ಷರ–ಅಂಕಿಗಳ ಹೆಸರಿಡುತ್ತದೆ. ಸ್ಟೋರೇಜ್ ಟೆಂಪ್ಲೇಟ್ ಎಂಬ ಆಯ್ಕೆಯನ್ನು ಒತ್ತಿದರೆ ಮಾತ್ರ ವರ್ಷ, ದಿನಾಂಕದ ಪ್ರಕಾರ ಫೋಲ್ಡರುಗಳಲ್ಲಿ ಅವು ಜೋಡಿಸಿಕೊಳ್ಳುತ್ತವೆ. ಈ ಒಂದು ಗುಂಡಿ ಒತ್ತಿದವನು ಇಮ್ಮಿಚ್ ಇಲ್ಲದ ದಿನವನ್ನೂ ಯೋಚಿಸಿದವನು: ಆಲ್ಬಮ್ಮು, ಮುಖ ಗುರುತಿಸುವ ಚಮತ್ಕಾರ ಹೋದರೂ ಮದುವೆಯ ಫೋಟೊ ಆ ವರ್ಷದ ಫೋಲ್ಡರಿನಲ್ಲಿ, ಯಾವ ಕಂಪ್ಯೂಟರೂ ತೆರೆಯಬಲ್ಲ ಜೆಪೆಗ್ ಆಗಿ ಸಿಗುತ್ತದೆ. ಕಿವಿಕ್ಸ್ ಎಂಬ ತಂತ್ರಾಂಶದಿಂದ ಇಡೀ ಕನ್ನಡ ವಿಕಿಪೀಡಿಯವನ್ನು ಇಳಿಸಿಟ್ಟು, ಇಂಟರ್‌ನೆಟ್ ಕಡಿದುಹೋದ ಮಳೆಗಾಲದ ಸಂಜೆಯೂ ಮನೆಮಂದಿಯೆಲ್ಲ ಓದಬಹುದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಡಿ ಹೊರಬಂತು. ಅದರ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಸರ್ವರಿನಲ್ಲಿ ನಡೆಸಬಹುದು. ಒಬ್ಬರ ಜೀವಮಾನದ ದುಡಿಮೆ ಒಂದೇ ಜಾಗಕ್ಕೆ ಕಟ್ಟುಬೀಳದೆ ನೂರು ಮನೆಗಳಲ್ಲಿ ಇರಲು ಸಾಧ್ಯವಾದದ್ದು ಎತ್ತಿಕೊಂಡು ಹೋಗುವ ಹಕ್ಕನ್ನು ಅವರು ಎಲ್ಲರಿಗೂ ಕೊಟ್ಟದ್ದರಿಂದ.

ಖರ್ಚಿನ ಆಕ್ಷೇಪಕ್ಕೆ ಲೆಕ್ಕವೇ ಉತ್ತರ. ಹತ್ತು ವಾಟ್ ಎಳೆಯುವ ಮಿನಿ ಪಿಸಿ ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ ಸುಮಾರು 88 ಯೂನಿಟ್. ಅರವತ್ತು ವಾಟಿನ ಹಳೆಯ ಡೆಸ್ಕ್‌ಟಾಪ್ ಆದರೆ 525 ಯೂನಿಟ್ ದಾಟುತ್ತದೆ. ಹಳೆಯದನ್ನು ಬಿಸಾಡಬಾರದು ಎಂಬ ಜಾಣತನ ಕರೆಂಟು ಬಿಲ್ಲಿನಲ್ಲಿ ಸೇಡು ತೀರಿಸಿಕೊಳ್ಳುವುದು ಹೀಗೆ. ಡಿಸ್ಕು, ಯುಪಿಎಸ್ ಸೇರಿಸಿದರೆ ಕ್ಲೌಡಿನಲ್ಲಿ ನೂರು ಜಿಬಿ ಜಾಗದ ತಿಂಗಳ ಬಾಡಿಗೆಯೇ ಅಗ್ಗ, ಒಪ್ಪಬೇಕು. ಸುರಕ್ಷತೆಯ ಆಕ್ಷೇಪ ಇನ್ನೂ ತೂಕದ್ದು: ದೊಡ್ಡ ಕಂಪನಿಗೆ ಕಾವಲುಗಾರರ ಪಡೆಯಿದೆ, ಇಲ್ಲಿ ಭಾನುವಾರ ಮಾತ್ರ ಬಿಡುವಿರುವ ಒಬ್ಬ ಹವ್ಯಾಸಿ. ಅದಕ್ಕೆ ಪರಿಹಾರ ಸರ್ವರನ್ನು ಬೀದಿಗೆ ತೆರೆಯದಿರುವುದು. ಐಪಿವಿ4ರ ಸುಮಾರು 430 ಕೋಟಿ ವಿಳಾಸಗಳು ಸಾಲದೆ, ಅನೇಕ ಮನೆಗಳಿಗೆ ಕಂಪನಿಗಳು ಒಂದೇ ವಿಳಾಸ ಹಂಚುತ್ತಿರುವುದರಿಂದ ಹೊರಗಿನವರಿಗೆ ಬಾಗಿಲು ಹೇಗೂ ಮುಚ್ಚಿರುತ್ತದೆ. ಮನೆಯವರು ವೈರ್‌ಗಾರ್ಡಿನಂಥ ಗುಪ್ತ ಸುರಂಗದಲ್ಲಿ, ಬೇಕಾದರೆ ನಡುವೆ ಹೊರಗಿನ ಸರ್ವರೊಂದನ್ನು ಇಟ್ಟುಕೊಂಡು, ಬಂದರಾಯಿತು. ಡಿಸ್ಕು ಸಾಯುವ ಭಯಕ್ಕೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಾಚೆ ಎಂಬ ಹಳೆಯ ಸೂತ್ರವಿದೆ. ಮನೆಯಾಚೆಯ ಆ ಪ್ರತಿಯನ್ನು ಬೀಗ ಹಾಕಿದ ಕಟ್ಟಾಗಿ ಬಾಡಿಗೆಯ ಕ್ಲೌಡಿನಲ್ಲೇ ಇಡಬಹುದು. ಇಲ್ಲಿ ಮಡಿ–ಮೈಲಿಗೆಯ ಪ್ರಶ್ನೆಯಿಲ್ಲ.

ತೆರೆದ ತಂತ್ರಾಂಶಗಳೂ ಸಾಯುವುದಿಲ್ಲವೇ ಎಂಬುದು ಜಾಣರ ಆಕ್ಷೇಪ. ಸಾಯುತ್ತವೆ. ಫೋನು–ಸರ್ವರ್ ನಡುವೆ ಫೋಲ್ಡರುಗಳನ್ನು ಸರಿದೂಗಿಸುವ ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತಿತು. ಆದರೆ ಅದೇ ಮೂಲ ಸಂಕೇತದಿಂದ (ಸೋರ್ಸ್ ಕೋಡ್) ಕವಲೊಡೆದ ಇನ್ನೊಂದು ಆ್ಯಪ್ ಆಗಲೇ ಇತ್ತು, ಫೋಲ್ಡರುಗಳು ಇದ್ದ ಕಡೆಯೇ ಇದ್ದವು. ಎಂಬಿ ಎಂಬ ಮಾಧ್ಯಮ ಸರ್ವರ್ 2018ರಲ್ಲಿ ತನ್ನ ಮೂಲ ಸಂಕೇತಕ್ಕೆ ಬಾಗಿಲು ಹಾಕಿದಾಗ ಹುಟ್ಟಿದ್ದೇ ಜೆಲ್ಲಿಫಿನ್. ಸಾವು ತಪ್ಪುವುದಿಲ್ಲ, ವಾರಸುದಾರರಿಗೆ ಅವಕಾಶವಿರುತ್ತದೆ. ಇದಕ್ಕಿಂತ ಕಠಿಣವಾದ ಪ್ರಶ್ನೆ ಹವ್ಯಾಸಿಯೇ ಇಲ್ಲವಾದರೆ ಏನು ಎಂಬುದು. ಮಗ ಕಟ್ಟಿದ ಸರ್ವರಿನ ಪಾಸ್‌ವರ್ಡ್ ಅಮ್ಮನಿಗೆ ಗೊತ್ತಿಲ್ಲದಿದ್ದರೆ, ಅವಳ ಮಟ್ಟಿಗೆ ಅವನೂ ಗೇಟು ಹಾಕಿಕೊಂಡ ಇನ್ನೊಂದು ಕಂಪನಿಯೇ. ಗಂಟುಮೂಟೆ ಕಟ್ಟುವ ಹಕ್ಕು ಯಂತ್ರದ ಒಡೆಯನಿಗೆ ಮಾತ್ರ ಇದ್ದು ಮನೆಮಂದಿಗೆ ಇಲ್ಲದಿದ್ದರೆ ವಾದವೆಲ್ಲ ತಲೆಕೆಳಗು. ಫೋಟೊಗಳ ಒಂದು ಪ್ರತಿ ಬೀಗವಿಲ್ಲದ ಡಿಸ್ಕಿನಲ್ಲಿ ಬೀರುವಿನೊಳಗೆ, ಅದರ ಜೊತೆ ಕಾಗದದ ಮೇಲೆ ಕನ್ನಡದಲ್ಲಿ ಬರೆದ ಒಂದು ಪುಟದ ವಿವರಣೆ: ಎಷ್ಟೇ ಸೊಗಸಾದ ಸರ್ವರಾದರೂ ಇದಿಲ್ಲದೆ ಅರೆಬರೆ.

ಹಾಗಾದರೆ ಇದು ಎಂಜಿನಿಯರುಗಳ ವಿಲಾಸವಷ್ಟೇ ಅಲ್ಲವೇ? ಯಂತ್ರದ ಮಟ್ಟಿಗೆ ಹೌದು, ಎಲ್ಲರ ಮನೆಯಲ್ಲೂ ಸರ್ವರ್ ಇರಬೇಕೆಂದು ಬಯಸುವುದು ಹುಚ್ಚುತನ. ಆದರೆ ಯಂತ್ರ ಕಲಿಸುವ ಪ್ರಶ್ನೆಗೆ ಯಂತ್ರ ಬೇಕಿಲ್ಲ. ಹೊಸ ಆ್ಯಪನ್ನು ಫೋನಿಗೆ ಹಾಕುವ ಮೊದಲು ಅದರ ಸೆಟ್ಟಿಂಗ್ಸಿನಲ್ಲಿ ಎಕ್ಸ್‌ಪೋರ್ಟ್ ಎಲ್ಲಿದೆ ಎಂದು ಯಾರು ಬೇಕಾದರೂ ಹುಡುಕಬಹುದು. ಸಿಕ್ಕರೆ, ಹೊರಬಂದ ಫೈಲನ್ನು ಬೇರೊಂದು ಆ್ಯಪ್ ಓದುತ್ತದೆಯೇ ಎಂದು ನೋಡಬಹುದು. ಹಾಗೆ ಹುಡುಕುವವರು ಹೆಚ್ಚಿದಷ್ಟೂ ಆ ಗುಂಡಿಯನ್ನು ಇಡಲೇಬೇಕಾದ ಒತ್ತಡ ಕಂಪನಿಗಳ ಮೇಲೆ ಬೀಳುತ್ತದೆ. ಬಿಟ್ಟುಹೋಗಬಲ್ಲ ಗ್ರಾಹಕನನ್ನು ಮಾತ್ರ ಅಂಗಡಿ ಮರ್ಯಾದೆಯಿಂದ ನೋಡುವುದು. ಸರ್ವರ್ ಕಟ್ಟುವವರು ಮಾತ್ರ ಇಷ್ಟಕ್ಕೆ ನಿಲ್ಲುವವರಲ್ಲ. ಎಲ್ಲವೂ ನೆಟ್ಟಗೆ ಓಡುತ್ತಿರುವ ಭಾನುವಾರ ಅವರಿಗೆ ಕೈ ತುರಿಸುತ್ತದೆ, ಸರಿಯಿದ್ದುದನ್ನು ಬಿಚ್ಚಿ ಇನ್ನಷ್ಟು ಸರಿ ಮಾಡಲು ಕೂರುತ್ತಾರೆ. ಅದಕ್ಕೆ ಯಾವ ತರ್ಕದ ಆಸರೆಯೂ ಇಲ್ಲ. ಹವ್ಯಾಸವೊಂದು ಇಷ್ಟು ಒಳ್ಳೆಯ ಪ್ರಶ್ನೆಯನ್ನು ಊರಿಗೆ ಕೊಟ್ಟ ಮೇಲೆ ತರ್ಕವನ್ನು ಕೇಳುವುದೂ ತರವಲ್ಲ.