ಕಾವಲುಗಾರನ ಮಡಿ

ಯಂತ್ರ ಕೆಟ್ಟಿತೆಂದರೆ ಏನೋ ಮುರಿದಿರಬೇಕು ಎಂದು ನಾವು ತಿಳಿಯುತ್ತೇವೆ. ಕಂಪ್ಯೂಟರಿನ ವಿಷಯದಲ್ಲಿ ಈ ತಿಳಿವಳಿಕೆ ಸಾಲದು. ಅಲ್ಲಿ ಪ್ರತಿಯೊಂದು ಭಾಗವೂ ನೆಟ್ಟಗಿದ್ದು, ಒಟ್ಟು ಸಂಸಾರ ಮಾತ್ರ ಕೆಟ್ಟಿರುವುದುಂಟು.

ಮೊನ್ನೆ ರಾತ್ರಿ ಹತ್ತು ಗಂಟೆಗೆ ನಮ್ಮ ಕಚೇರಿಯ ಹುಡುಗನೊಬ್ಬ ಫೋನು ಮಾಡಿದ. ಒಂದು ಆಸ್ಪತ್ರೆಯ ಸರ್ವರು ಮುಂಬಯಿಯಲ್ಲಿದೆ. ಅದನ್ನು ನಾವು ಬೆಂಗಳೂರಿನಿಂದ ನೋಡಿಕೊಳ್ಳುತ್ತೇವೆ.

“ಸಾರ್, ಹೊಸದಾಗಿ ಯಾರೂ ಒಳಕ್ಕೆ ಹೋಗೋಕೆ ಆಗ್ತಿಲ್ಲ. ಮಧ್ಯಾಹ್ನದಿಂದ ನಾನೊಬ್ಬ ಒಳಗಿದ್ದೀನಿ.”

“ಹಾಗಾದರೆ ನೀನು ಹೊರಗೆ ಬರಬೇಡಪ್ಪ” ಎಂದೆ.

ದೂರದ ಯಂತ್ರದ ಬಾಗಿಲು ಕಾಯುವುದು ಎಸ್‌ಎಸ್‌ಎಚ್ ಎಂಬ ಸೇವೆ. (ಲಿನಕ್ಸ್ 1991ರಲ್ಲಿ, ಎಸ್‌ಎಸ್‌ಎಚ್ 1995ರಲ್ಲಿ ಹುಟ್ಟಿದುವು, ಎರಡಕ್ಕೂ ಫಿನ್‌ಲೆಂಡೇ ತವರು. ಅಂಥ ಚಳಿಯಲ್ಲಿ ಮನೆಯೊಳಗೆ ಕುಳಿತು ಮತ್ತೇನು ಮಾಡಿಯಾರು!) ಬೆಳಗಿನ ರಕ್ತಪರೀಕ್ಷೆಯ ವರದಿಗಳೂ ಇದೇ ಬಾಗಿಲಿನಿಂದ ಬರಬೇಕು. ಏಳು ಗಂಟೆಯೊಳಗೆ ಅದು ತೆರೆಯದಿದ್ದರೆ ವೈದ್ಯರು ರೋಗಿಯ ಮುಖ ನೋಡಿಯೇ ಸಕ್ಕರೆ ಎಷ್ಟೆಂದು ಊಹಿಸಬೇಕು. ಹುಡುಗನ ಪರದೆಯೊಂದೇ ನಮಗುಳಿದ ಎಳೆ. ಅವನ ಮನೆಯಲ್ಲಿ ಇಂಟರ್‌ನೆಟ್ಟು ತುಸು ತೊದಲಿದರೂ ಅದು ಕಡಿಯುತ್ತದೆ.

ಲಾಗನ್ನು ಓದಿಸಿದೆ. ಕಾವಲುಗಾರ ತನ್ನ ತಕರಾರನ್ನು ಸ್ಪಷ್ಟವಾಗಿಯೇ ಬರೆದಿಟ್ಟಿದ್ದ: ತನ್ನನ್ನು ಕಟ್ಟಿದ್ದು ಓಪನ್‌ಎಸ್‌ಎಸ್‌ಎಲ್ 3.0ರ ಮೇಲೆ, ಇಲ್ಲಿರುವುದು 3.2. ಈ ಓಪನ್‌ಎಸ್‌ಎಸ್‌ಎಲ್ ಎಂಬುದು ಗುಪ್ತಲಿಪಿಯ ಲೆಕ್ಕ ಮಾಡಿಕೊಡುವ ಲೈಬ್ರರಿ. ಹಿಂದಿನ ವಠಾರದ ಒರಳುಕಲ್ಲಿನ ಹಾಗೆ: ಇರುವುದು ಒಂದು, ರುಬ್ಬುವ ಮನೆಗಳು ಹಲವು. ಅಂದು ಸಂಜೆ ಆಸ್ಪತ್ರೆಯ ಕಡೆಯವರೊಬ್ಬರು ಯಾವುದೋ ಭದ್ರತೆಯ ಸೂಚನೆ ಓದಿ, ಒರಳೊಂದನ್ನೇ ಬದಲಾಯಿಸಿ ಹೊರಟುಹೋಗಿದ್ದರು. ಪ್ಯಾಕೇಜುಗಳ ಹೊಂದಾಣಿಕೆ ನೋಡುವ ಮ್ಯಾನೇಜರೂ ತಡೆಯಲಿಲ್ಲ. ಅದು ನೋಡುವುದು ಹೆಸರುಹಲಗೆಯನ್ನು, 2021ರ 3.0ಕ್ಕೂ 2023ರ 3.2ಕ್ಕೂ ಹಲಗೆಯ ಮೇಲಿರುವುದು ಬರಿಯ 3.

ತಮಾಷೆಯೆಂದರೆ, ಹೊಸ ಒರಳಿನಲ್ಲಿಯೂ ಧಾರಾಳವಾಗಿ ರುಬ್ಬಬಹುದಿತ್ತು. 3ರ ಸರಣಿಯೊಳಗೆ ಹಳೆಯ ಪ್ರೋಗ್ರಾಮುಗಳು ಹಾಗೆಯೇ ನಡೆಯುತ್ತವೆಂಬುದು ಅದನ್ನು ಮಾಡಿದವರ ವಾಗ್ದಾನ. ಉಳಿದವು ನಡೆಯುತ್ತಲೂ ಇದ್ದುವು. ಈ ಕಾವಲುಗಾರನದು ಮಾತ್ರ ಮಡಿ. ಎರಡನೆಯ ಅಂಕಿ ಬೇರೆಯಾದರೆ ಮೈಲಿಗೆಯೆಂದು, ಯಾರು ಬಂದು ಬಾಗಿಲು ತಟ್ಟಿದರೂ ಕುಸಿದು ಬೀಳುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅನುಮಾನಪಡದ ಕಾವಲುಗಾರನಿಗೆ ಸಂಬಳವಾದರೂ ಏಕೆ? ಮೊದಲೇ ಒಳಗೆ ಹೋಗಿದ್ದ ಹುಡುಗ ಉಳಿದುಕೊಂಡದ್ದು, ಅವನು ಹೋದಾಗಿನ ಹಳೆಯ ಲೈಬ್ರರಿ ಇನ್ನೂ ಮೆಮೊರಿಯಲ್ಲಿ ಇದ್ದುದರಿಂದ.

“ಸೇವೆ ನಿಲ್ಲಿಸಿ ಮತ್ತೆ ಶುರುಮಾಡ್ಲಾ ಸಾರ್?”

“ಈಗಲೇ ಬೇಡ.”

3.2ರ ಮೇಲೆ ಕಟ್ಟಿದ ಎಸ್‌ಎಸ್‌ಎಚ್ ಪ್ಯಾಕೇಜನ್ನು ಅದೇ ಪರದೆಯಿಂದ ಹಾಕಿಸಿದೆ. ಪರೀಕ್ಷೆಯ ಆಜ್ಞೆ ಕೊಟ್ಟರೆ ಕಾವಲುಗಾರ ಗೊಣಗಲಿಲ್ಲ. ಆಮೇಲೆ ಸೇವೆಯನ್ನು ಹೊಸದಾಗಿ ಶುರುಮಾಡಿ, ಹಳೆಯ ಪರದೆಯನ್ನು ಮುಚ್ಚದೆ ಇನ್ನೊಂದನ್ನು ತೆರೆಯಲು ಹೇಳಿದೆ.

“ಬಂತು ಸಾರ್!” ಎಂದ. ಹನ್ನೊಂದೂಕಾಲು ಗಂಟೆಯಾಗಿತ್ತು. ಮೊದಲನೆಯದನ್ನು ಮುಚ್ಚಲು ಮಾತ್ರ ಅವನಿಗೆ ಧೈರ್ಯ ಬರಲಿಲ್ಲ. ಬೆಳಗ್ಗೆ ವರದಿಗಳು ಬರುವವರೆಗೂ ತೆರೆದೇ ಇಟ್ಟಿದ್ದನಂತೆ.