ನಿಲ್ಲಿಸುವುದಕ್ಕೂ ಧೈರ್ಯ ಬೇಕು

ನನ್ನ ಕಿರಿಯ ಮಗನಿಗೆ ಕಾರು ರೇಸಿನ ಹುಚ್ಚು. ಫಾರ್ಮುಲಾ ವನ್ ಇರುವ ಭಾನುವಾರ ಅವನು ಟಿ.ವಿ.ಯ ಮುಂದಿನಿಂದ ಏಳುವುದಿಲ್ಲ. "ಹೊರಟಲ್ಲಿಗೇ ತಿರುಗಿ ಬರಲು ಇಷ್ಟೊಂದು ಅವಸರವೇನೋ?" ಎಂದು ನಾನು ಅಡುಗೆ ಮನೆಯಿಂದಲೇ ಗೊಣಗುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಅವನು ಬೈಕಿನಿಂದ ಬಿದ್ದು ಭುಜದ ಎಲುಬು ಮುರಿದುಕೊಂಡ. ಅಂದು ಮನೆಗೆ ನೆಂಟರು ಬಂದಿದ್ದರು. "ಎಲ್ಲಿದ್ದೀ? ಎಲ್ಲರೂ ಊಟಕ್ಕೆ ಕಾಯುತ್ತಿದ್ದಾರೆ, ಬೇಗ ಬಾ" ಎಂದು ನಾನು ಮೂರು ಬಾರಿ ಫೋನು ಮಾಡಿದ್ದೆ. ನಾಲ್ಕನೆಯ ಬಾರಿ ಫೋನು ಬಂದದ್ದು ನಮಗೆ. ಮಾತಾಡಿದವರು ಯಾರೋ ದಾರಿಹೋಕರು. ನೋಡಲು ಬಂದವರೆಲ್ಲ "ಈಗಿನ ಹುಡುಗರ ವೇಗವೇ ಹೀಗೆ" ಎಂದಾಗ ನಾನೂ ತಲೆಯಾಡಿಸಿದೆ. ಆ ಮೂರು ಕರೆಗಳ ವಿಷಯ ಮಾತ್ರ ಯಾರಲ್ಲೂ ಹೇಳಲಿಲ್ಲ.

ಆರು ವಾರ ಅವನು ಮನೆಯಲ್ಲೇ ಇದ್ದ. ಬಲಗೈಗೆ ಜೋಳಿಗೆ ಕಟ್ಟಿದ್ದರಿಂದ ನಾನೇ ತುತ್ತು ಕೊಡಬೇಕಿತ್ತು. ಹಾಗೆ ಪಕ್ಕದಲ್ಲಿ ಕುಳಿತು ಕುಳಿತು ನನಗೂ ರೇಸಿನ ಕಥೆಗಳು ಪರಿಚಯವಾದವು. ಮೈಕೆಲ್ ಶೂಮಾಕರ್ ಮತ್ತು ಲೂಯಿಸ್ ಹ್ಯಾಮಿಲ್ಟನ್ ತಲಾ 7 ಬಾರಿ ವಿಶ್ವ ಚಾಂಪಿಯನ್ ಆದವರಂತೆ. ಬ್ರೆಜಿಲಿನ ಐರ್ಟನ್ ಸೆನ್ನಾ ಮೂರು ಬಾರಿ ಗೆದ್ದು, 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಗೋಡೆಗೆ ಅಪ್ಪಳಿಸಿ ತೀರಿಕೊಂಡಾಗ ವಯಸ್ಸು ಕೇವಲ 34. "ಇವರಿಗೆಲ್ಲ ತಾಯಂದಿರಿಲ್ಲವೇ?" ಎಂದು ಕೇಳಿದೆ. ಮಗ ನಕ್ಕು, "ಉಮ್ಮಾ, ನಿಕಿ ಲೌಡಾನ ಕಥೆ ಕೇಳು" ಎಂದ.

ಲೌಡಾ ಆಸ್ಟ್ರಿಯಾದವರು, 1975ರ ಚಾಂಪಿಯನ್. 1976ರ ಆಗಸ್ಟ್ 1ರಂದು ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಪಂದ್ಯ. ಕಾಡು ಗುಡ್ಡಗಳ ನಡುವೆ ಸುಮಾರು 23 ಕಿ.ಮೀ. ಉದ್ದದ ದಾರಿ. ಅಪಘಾತವಾದರೆ ನೆರವು ತಲುಪುವುದೇ ಕಷ್ಟ. ಅಲ್ಲಿ ಓಡಿಸುವುದು ಬೇಡವೆಂದು ಲೌಡಾ ಮೊದಲೇ ಹೇಳಿದ್ದರು, ಉಳಿದವರು ಒಪ್ಪಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಅವರ ಫೆರಾರಿಯೇ ದಾರಿ ತಪ್ಪಿ ಬೆಂಕಿ ಹತ್ತಿಕೊಂಡಿತು. ಹಿಂದಿನಿಂದ ಬಂದ ಚಾಲಕರು ತಮ್ಮ ಕಾರು ನಿಲ್ಲಿಸಿ, ಉರಿಯ ನಡುವಿನಿಂದ ಅವರನ್ನು ಹೊರಗೆಳೆದರು. ಮುಖ, ತಲೆ ಸುಟ್ಟು, ವಿಷದ ಹೊಗೆ ಶ್ವಾಸಕೋಶಕ್ಕೆ ಇಳಿದಿತ್ತು. ಬದುಕುವ ಆಸೆ ಇಲ್ಲವೆಂದು ಆಸ್ಪತ್ರೆಗೆ ಪಾದ್ರಿಯನ್ನೂ ಕರೆಸಿದ್ದರು.

"ಬರೀ 42 ದಿನ, ಉಮ್ಮಾ! ಗಾಯದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಮೊಂಜಾ ಪಂದ್ಯಕ್ಕೆ ಬಂದು ನಾಲ್ಕನೆಯವನಾದ" ಎಂದ ಮಗನ ಕಣ್ಣು ಹೊಳೆಯುತ್ತಿತ್ತು. "ಆಮೇಲೆ?" ಎಂದೆ. ಅವನು ಸ್ವಲ್ಪ ತಡೆದು ಹೇಳಿದ, "ಆಮೇಲೆ ಜಪಾನಿನಲ್ಲಿ ನಿಲ್ಲಿಸಿಬಿಟ್ಟ."

ಅಕ್ಟೋಬರ್ 24ರಂದು ಫುಜಿಯಲ್ಲಿ ಕೊನೆಯ ಪಂದ್ಯ. ಇಂಗ್ಲೆಂಡಿನ ಜೇಮ್ಸ್ ಹಂಟ್‌ಗಿಂತ ಲೌಡಾ 3 ಅಂಕ ಮುಂದಿದ್ದರು. ಧಾರಾಕಾರ ಮಳೆ, ಮಂಜು. ಎರಡು ಸುತ್ತು ಓಡಿಸಿದ ಲೌಡಾ ಕಾರನ್ನು ಒಳಗೆ ತಂದು ಇಳಿದುಬಿಟ್ಟರು. ಹಂಟ್ ಮೂರನೆಯವರಾಗಿ ಪಂದ್ಯ ಮುಗಿಸಿ, 69ಕ್ಕೆ 68ರಂತೆ ಒಂದೇ ಅಂಕದಿಂದ ಚಾಂಪಿಯನ್ ಆದರು.

ಅಂದು ಕಥೆ ಅಲ್ಲಿಗೇ ನಿಂತಿತು. ಕೈ ವಾಸಿಯಾಯಿತು, ಬೈಕೂ ಹೊರಗೆ ಬಂತು.

ಈ ಬಾರಿಯ ಮಳೆಗಾಲದ ಒಂದು ರಾತ್ರಿ ಮಗನ ಫೋನು. "ಉಮ್ಮಾ, ಟೈರ್ ಪಂಕ್ಚರ್ ಆಗಿದೆ, ತಡವಾಗುತ್ತದೆ." ಹತ್ತೂವರೆಗೆ ಒದ್ದೆಯಾಗಿ ಬಂದ. ತಲೆ ಒರೆಸುತ್ತಾ, "ಎಲ್ಲಿ ರಿಪೇರಿ ಮಾಡಿಸಿದೆ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಪಂಕ್ಚರ್ ಆಗಿರಲೇ ಇಲ್ಲ. ಮಳೆಗೆ ರಸ್ತೆಯೇ ಕಾಣದೆ, ಒಂದು ಅಂಗಡಿಯ ಜಗಲಿಯಲ್ಲಿ ಒಂದೂವರೆ ಗಂಟೆ ನಿಂತಿದ್ದನಂತೆ. "ಅದಕ್ಕೆ ಸುಳ್ಳೇಕೆ?" ಎಂದೆ. "ಹೆದರಿದೆ ಎಂದರೆ ಎಲ್ಲರೂ ನಗುತ್ತಾರಲ್ಲ. ನೀನೂ ಬೇಗ ಬಾ ಎನ್ನುತ್ತೀ" ಎಂದ.

ನನ್ನ ಬಾಯಿ ಕಟ್ಟಿಹೋಯಿತು.

ಊಟ ಮಾಡುತ್ತಾ ಅವನೇ ಕಥೆಯ ಉಳಿದ ಭಾಗ ಹೇಳಿದ. ಫುಜಿಯಲ್ಲಿ ಲೌಡಾ ಇಳಿದಾಗ, ಇಂಜಿನ್ ಕೆಟ್ಟಿತೆಂದು ಹೇಳೋಣವೆಂದು ತಂಡದ ಮುಖ್ಯ ಇಂಜಿನಿಯರ್ ನೆರವಿಗೆ ಬಂದರಂತೆ. ಲೌಡಾ ಒಪ್ಪಲಿಲ್ಲ. ನಿಲ್ಲಿಸಿದ್ದು ತಾನೇ, ಈ ಮಳೆಯಲ್ಲಿ ಓಡಿಸುವುದು ಹುಚ್ಚುತನ ಎಂದೇ ಹೇಳಿದರು. ಹೇಡಿ ಎಂದವರೂ ಇದ್ದರು. ಮರುವರ್ಷ, 1977ರಲ್ಲಿ, ಅವರೇ ಮತ್ತೆ ಚಾಂಪಿಯನ್. 1984ರಲ್ಲಿ ಮೂರನೆಯ ಬಾರಿ ಗೆದ್ದದ್ದು ಬರೀ ಅರ್ಧ ಅಂಕದಿಂದ. 2019ರ ಮೇ 20ರಂದು ತೀರಿಕೊಂಡಾಗ ಅವರಿಗೆ 70 ವರ್ಷ.

ಲೌಡಾನಿಗೆ ಸುಳ್ಳು ಬೇಕಾಗಲಿಲ್ಲ. ನನ್ನ ಮಗನಿಗೆ ಬೇಕಾಯಿತು. ಬೇಕಾಗುವಂತೆ ಮಾಡಿದವಳು ನಾನು. ಹುಡುಗರು ಟಿ.ವಿ. ನೋಡಿ ವೇಗ ಕಲಿಯುತ್ತಾರೆಂದು ನಾವು ದೂರುತ್ತೇವೆ. ಗಡಿಯಾರ ನೋಡುತ್ತಾ ಫೋನಿನಲ್ಲಿ ನಾವು ಕಲಿಸುವ ವೇಗವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಂದು ರಾತ್ರಿ ಆ ಮೂರು ಕರೆಗಳ ವಿಷಯ ಅವನ ಮುಂದೆ ಎತ್ತಿದೆ. "ನನಗೆ ಗೊತ್ತಿತ್ತು ಉಮ್ಮಾ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತಲ್ಲ" ಎಂದಷ್ಟೇ ಹೇಳಿ ತಟ್ಟೆ ತೊಳೆಯಲು ಎದ್ದ.

ಈಗ ಮಳೆ ಬಂದರೆ ಒಂದೇ ಸಲ ಫೋನು ಮಾಡುತ್ತೇನೆ. "ನಿಂತು ಬಾ. ಅನ್ನ ಮುಚ್ಚಿಟ್ಟಿದ್ದೇನೆ."